ಹದಿನೈದನೆಯ ಗುಳಿ

ಆ ಸೋಮವಾರ ಬೆಳಿಗ್ಗೆ ಚೆಲುವಯ್ಯನವರ ತಲೆಯಲ್ಲಿ ಎರಡು ಸಾವಿರದ ಮುನ್ನೂರ ಹದಿನೇಳು ಸಂಗತಿಗಳು ಈಗತಾನೇ ನಡೆದಿದ್ದವು. ನಿಮ್ಮ ತಲೆಯಲ್ಲಿ, ನನ್ನ ತಲೆಯಲ್ಲಿ, ಅಂಥವು ಯಾವ ಹೊತ್ತಿಗೂ ಐದೋ ಆರೋ ಇರುತ್ತವೆ. ಮಿಕ್ಕದ್ದೆಲ್ಲ ನಿನ್ನೆಯದು, ಮೊನ್ನೆಯದು, ಇಲ್ಲವೇ ಮರೆತದ್ದು. ಅವರಿಗೆ ನಿನ್ನೆ ಎಂಬುದೇ ಇರಲಿಲ್ಲ. ಇದಕ್ಕೆ ಕಾರಣ ನಾನು. ನಾನೇ ಎಂಬುದು ಗೊತ್ತಿತ್ತು, ಹೇಗೆ ಎಂಬುದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ಗೊತ್ತಾಗುತ್ತಿರಲಿಲ್ಲ.

ನಾನು ವಿಶಾಲಾಕ್ಷಿ. ಮೈಸೂರಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೋಡ್ ಬರೆಯುತ್ತೇನೆ. ಕೋಡ್ ಎಂದರೆ ಜನ ಮೊಬೈಲಿನಲ್ಲಿ ಬೆರಳಾಡಿಸುವ ಚೆಂದದ ಪರದೆಗಳಲ್ಲ. ಯಂತ್ರದ ಹೊಟ್ಟೆಯೊಳಗೆ, ಯಾರ ಕಣ್ಣಿಗೂ ಬೀಳದೆ ಕೂತು ದುಡಿಯುವ ಬಗೆಯದು. ನಮ್ಮ ಯಂತ್ರದ ಹೆಸರು ಒತ್ತಾಸೆ. ಹುಣಸೆಬೀಜದಷ್ಟು ದೊಡ್ಡದು. ಲಕ್ವ ಹೊಡೆದು, ಆಗಷ್ಟೇ ಕಂಡದ್ದು ಕೇಳಿದ್ದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಳೆದುಕೊಂಡವರಿಗೆ ಅದನ್ನು ಕಿವಿಯ ಹಿಂದೆ, ಚರ್ಮದಡಿ ಕೂರಿಸುತ್ತೇವೆ. ಅಂಥವರಿಗೆ ಮದುವೆಯ ದಿನದ ಊಟ ನೆನಪಿರುತ್ತದೆ. ಆದರೆ ಒಲೆ ಆರಿಸಿ ಎಂದು ನೀವು ಹೇಳಿದ್ದು, ಒಲೆಯ ಹತ್ತಿರ ಹೋಗುವಷ್ಟರಲ್ಲಿ ಹೋಗಿಬಿಟ್ಟಿರುತ್ತದೆ.

ಒತ್ತಾಸೆ ಮಾಡುವುದು ಇಷ್ಟೆ. ಈಗತಾನೇ ನಡೆದ ಒಂದೊಂದು ಸಂಗತಿಯನ್ನು ಒಂದೊಂದು ಗುಳಿಯಲ್ಲಿ ಇಟ್ಟುಕೊಳ್ಳುತ್ತದೆ. ಗುಳಿ ಎಂಬ ಹೆಸರು ಮೊದಲು ಕೋಡ್ ಬರೆದ ಪುಣ್ಯಾತ್ಮರು ಇಟ್ಟದ್ದು, ಅಳಗುಳಿಮಣೆಯ ನೆನಪಿನಲ್ಲಿ. ಮಣೆಯಲ್ಲಿರುವಷ್ಟೇ ಗುಳಿ: ಹದಿನಾಲ್ಕು. ಒಂದು ಸಂಗತಿ ಮುಗಿಯಿತು ಎಂದು ಮೆದುಳಿಗೆ ಅನ್ನಿಸಿದಾಗ ಅದರಲ್ಲಿ ಸಣ್ಣದೊಂದು ಅಲೆ ಏಳುತ್ತದೆ. ಆ ಅಲೆ ಬಂದ ಕೂಡಲೇ ಯಂತ್ರವು ಆ ಸಂಗತಿಯನ್ನು ಹಳೆಯ ನೆನಪುಗಳ ಕಡೆಗೆ ದಾಟಿಸಿ ಗುಳಿಯನ್ನು ಖಾಲಿ ಮಾಡುತ್ತದೆ. ಅಷ್ಟರಲ್ಲಿ ಹದಿನಾಲ್ಕೂ ತುಂಬಿ ಹದಿನೈದನೆಯದು ಬಂದರೆ, ಎಲ್ಲಕ್ಕಿಂತ ಹಳೆಯದನ್ನು ಆಚೆ ತಳ್ಳುತ್ತದೆ. ತಳ್ಳಿದ್ದು ಹೋಯಿತು, ಮತ್ತೆ ಸಿಗುವುದಿಲ್ಲ.

ಇದನ್ನು ಓದಿದ ದಿನವೇ ನನ್ನ ಮೈ ಉರಿದಿತ್ತು. ಯಾರೋ ಒಬ್ಬರು ಒಂದು ಮಧ್ಯಾಹ್ನ ಕೂತು ಹದಿನಾಲ್ಕು ಎಂದು ಬರೆದುಬಿಟ್ಟರೆ ಮನುಷ್ಯನ ತಲೆ ಅಷ್ಟಕ್ಕೇ ನಿಲ್ಲಬೇಕೆ? ಇಷ್ಟೇ ಎಂದು ಮೊದಲೇ ಕಟ್ಟಿಹಾಕಿದ ಅಳತೆಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನನ್ನ ಮನೆಯ ಅಟ್ಟದಲ್ಲಿ ಹಿಂದಿನ ಮೂರು ಫ್ರಿಜ್ಜುಗಳ ರಟ್ಟಿನ ಡಬ್ಬಗಳಿವೆ ಎಂದರೆ ನನ್ನ ಸ್ವಭಾವ ನಿಮಗೆ ಗೊತ್ತಾದೀತು.

ಚೆಲುವಯ್ಯನವರು ಒತ್ತಾಸೆ ಕೂರಿಸಿಕೊಂಡ ನಮ್ಮ ಹತ್ತೊಂಬತ್ತು ಮಂದಿಯಲ್ಲಿ ಒಬ್ಬರು. ನಂಜನಗೂಡಿನ ಕಡೆಯವರು, ಮೂವತ್ತೈದು ವರ್ಷ ಮೈಸೂರಿನ ಗೋವರ್ಧನ ಭವನ ಎಂಬ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಲಕ್ವ ಹೊಡೆದ ಮೇಲೆ ಕೆಲಸ ಬಿಟ್ಟರು. ಒತ್ತಾಸೆ ಕೂರಿಸಿ ಎರಡು ತಿಂಗಳಾದ ಮೇಲೆ ಅವರ ಹೆಂಡತಿ ದೇವೀರಮ್ಮ ಒಂದು ದಿನ ಪ್ರಯೋಗಾಲಯಕ್ಕೆ ಬಂದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ನನ್ನ ಮೇಜಿನ ಮುಂದೆ ಕೂತರು.

"ತಾಯಿ, ನಿಮ್ ಮಿಷಿನ್ನು ಚೆನ್ನಾಗದೆ, ಇಲ್ಲ ಅನ್ನಾಕಿಲ್ಲ. ಆದ್ರೆ ಬೆಳಗ್ಗೆ ಯೇಳಿದ್ದು ಮದ್ಯಾನಕ್ಕೆ ಇರಾಕಿಲ್ಲ. ಮಗಳು ಬಸುರಿ ಅಂತ ನಾಕ್ ಸಲ ಯೇಳಿದೀನಿ, ನಾಕ್ ಸಲನೂ ಹೊಸ್ದಾಗಿ ಕುಣೀತಾರೆ. ನಂಗೇನೋ ನಗು ಬತ್ತದೆ, ಆಮೇಲ್ ಅಳು ಬತ್ತದೆ. ಒಸಿ ದೊಡ್ಡದು ಮಾಡ್ಕೊಡಿ."

ಇದಕ್ಕಿಂತ ಬೇರೆ ಅಪ್ಪಣೆ ಬೇಕೆ? ಹದಿನಾಲ್ಕನ್ನು ಅಳಿಸಿದೆ. ಹೊಸ ಕೋಡಿನಲ್ಲಿ ಗುಳಿಗಳಿಗೆ ಲೆಕ್ಕವಿಲ್ಲ. ಸಂಗತಿ ಬಂದಾಗ ಯಂತ್ರವು ಒಂದು ಗುಳಿಯನ್ನು ಕೇಳಿ ಪಡೆಯುತ್ತದೆ, ಮುಗಿದಾಗ ಹಿಂತಿರುಗಿಸುತ್ತದೆ. ಎಷ್ಟು ಬೇಕೋ ಅಷ್ಟು ಹಿಗ್ಗುತ್ತದೆ, ಕೆಲಸ ಮುಗಿದ ಹಾಗೆ ಕುಗ್ಗುತ್ತದೆ. ಏನೂ ಆಚೆ ಬೀಳುವುದಿಲ್ಲ.

ನಮ್ಮ ಮುಖ್ಯಸ್ಥರಾದ ಡಾಕ್ಟರ್ ಕುಶಾಲಪ್ಪ ಒಂದೇ ಪ್ರಶ್ನೆ ಕೇಳಿದ್ದರು. "ಮೊದಲು ಹದಿನಾಲ್ಕು ಅಂತ ಯಾಕೆ ಇಟ್ಟಿದ್ರು, ಗೊತ್ತಾ?"

"ಯಾರಿಗೂ ಗೊತ್ತಿಲ್ಲ ಸರ್. ಏನೋ ಅಳಗುಳಿಮಣೆ ಇಷ್ಟ ಇತ್ತು ಅಂತ ಕಾಣುತ್ತೆ," ಎಂದು ನಕ್ಕಿದ್ದೆ.

ಹೊಸ ಕೋಡನ್ನು ಹಾಕಿದ ದಿನ ನಾನೇ ಚೆಲುವಯ್ಯನವರ ಕೈ ಹಿಡಿದು, "ಇನ್ಮೇಲೆ ನೀವು ಏನೂ ಮರೆಯಲ್ಲ," ಎಂದು ದೊಡ್ಡದಾಗಿ ಹೇಳಿಬಂದೆ. ಅದು ಆ ಸೋಮವಾರಕ್ಕೆ ಹನ್ನೊಂದು ವಾರದ ಹಿಂದಿನ ಮಾತು. ಎಂಟು ವಾರವಾದ ಮೇಲೆ, ಒಂದು ಬೆಳಿಗ್ಗೆ, ದೇವೀರಮ್ಮ ತೀರಿಕೊಂಡರು. ಹೃದಯಾಘಾತ. ನಾನು ಹೋಗಿ ಹೂವಿಟ್ಟು ಬಂದಿದ್ದೆ. ಆ ದಿನ ಚೆಲುವಯ್ಯ ಮೂಲೆಯಲ್ಲಿ ಕೂತು ಏನೇನೋ ಹೇಳುತ್ತಿದ್ದರು. ದುಃಖದಲ್ಲಿ ಯಾರು ತಾನೆ ಸರಿಯಾಗಿ ಮಾತಾಡುತ್ತಾರೆ ಎಂದುಕೊಂಡು ಸುಮ್ಮನಾದೆ. ನನ್ನ ಮೊದಲನೆಯ ತಪ್ಪು ಹದಿನಾಲ್ಕನ್ನು ಅಳಿಸಿದ್ದಲ್ಲ, ಆ ದಿನ ಸುಮ್ಮನಾದದ್ದು.

ಆ ಸೋಮವಾರ ಅವರ ಮಗಳು ಸುಧಾಮಣಿ ಫೋನ್ ಮಾಡಿದಳು. ಆರು ತಿಂಗಳ ಹೊಟ್ಟೆ ಹೊತ್ತುಕೊಂಡು, ಅವ್ವ ಹೋದ ದಿನದಿಂದ ಅಪ್ಪನ ಮನೆಯಲ್ಲೇ ಇದ್ದಳು.

"ಮೇಡಂ, ನೀವು ನಮ್ಮಪ್ಪಂಗೆ ಏನ್ ಮಾಡಿದ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೋಗಿ ನೋಡಿದೆ. ಚೆಲುವಯ್ಯ ಬಾಗಿಲಲ್ಲಿ ನಿಂತು, ಬಾರದ ಗ್ಯಾಸಿನವನಿಗೆ ಸಿಲಿಂಡರ್ ಎಲ್ಲಿಡಬೇಕೆಂದು ಹೇಳುತ್ತಿದ್ದರು. ಗ್ಯಾಸಿನವನು ಬಂದು ಹೋಗಿ ತಿಂಗಳಾಗಿತ್ತು. ನನ್ನನ್ನು ಕಂಡವರೇ, "ಬನ್ನಿ ಮೇಡಮ್ಮೋರೆ, ಕೂತ್ಕಳಿ, ಹಾಲುಕ್ತಾ ಅದೆ," ಎಂದು ಅಡುಗೆಮನೆಗೆ ಓಡಿದರು. ಒಲೆಯ ಮೇಲೆ ಏನೂ ಇರಲಿಲ್ಲ. ವಾಪಸ್ಸು ಬರುವಾಗ ಅವರ ಕಣ್ಣಲ್ಲಿ ನೀರಿತ್ತು. "ದೇವಿ ಹೋದ್ಲು ಕನವ್ವ," ಎಂದರು. ನಾನು ಅವರ ಭುಜ ಮುಟ್ಟುವಷ್ಟರಲ್ಲಿ ತಲೆ ಎತ್ತಿ, "ದೇವೀ, ನನ್ನ ಅಂಗಿ ಎಲ್ಲಿಟ್ಟಿದ್ದೀಯೇ? ಗುಂಡಿ ಹಾಕ್ತೀನಿ ಅಂದಿದ್ದೆಲ್ಲ?" ಎಂದು ಕೋಣೆಯ ಕಡೆಗೆ ಕೂಗಿದರು.

ಎರಡೂ ಅವರಿಗೆ ನಿಜ. ಎರಡೂ ಈಗತಾನೇ.

"ದಿನಾ ಇಷ್ಟೆ ಮೇಡಂ," ಎಂದಳು ಸುಧಾಮಣಿ. "ಬೆಳಗ್ಗೆಯಿಂದ ಸಂಜೆಗಂಟ ಬಿಸಿನೀರು, ಬಿಸಿನೀರು ಅಂತಾರೆ. ಅವತ್ತು ಅವ್ವ ಮಂಚದ ಮೇಲೆ ಕೂತಿದ್ದೋಳು ಒಂದು ಲೋಟ ಬಿಸಿನೀರು ಕೊಡಿ ಅಂದಳಂತೆ. ಅಪ್ಪ, 'ಇಗೋ ಬಂತು' ಅಂತ ಒಳಗೆ ಹೋದ್ರು. ಕಾಯಿಸ್ಕೊಂಡು ಬರೋಷ್ಟರಲ್ಲಿ ಅವ್ವ ಇರಲಿಲ್ಲ."

ಅವರ ಕಿವಿಯ ಹತ್ತಿರ ನನ್ನ ರೀಡರ್ ಹಿಡಿದೆ. ಒತ್ತಾಸೆಯಲ್ಲಿ ಎಷ್ಟು ಗುಳಿ ತುಂಬಿವೆ ಎಂದು ತೋರಿಸುವ, ಅಂಗೈ ಅಗಲದ ಉಪಕರಣ ಅದು. ಆಗ ಕಂಡದ್ದೇ ಆ ಎರಡು ಸಾವಿರದ ಮುನ್ನೂರ ಹದಿನೇಳು. ಉಳಿದ ಹದಿನೆಂಟು ಮಂದಿಯಲ್ಲಿ ಯಾರದೂ ಮೂವತ್ತನ್ನು ದಾಟಿದ್ದಿಲ್ಲ.

ಎಲ್ಲೆ ಇಲ್ಲ ಎಂದು ನಾನು ಜಂಬ ಕೊಚ್ಚಿಕೊಂಡಿದ್ದೆನಲ್ಲ, ಅದೂ ಪೂರ್ತಿ ನಿಜವಲ್ಲ. ಅಟ್ಟ ಎಷ್ಟೇ ಉದ್ದವಿದ್ದರೂ ಒಂದು ಕಡೆ ಗೋಡೆ ಇದ್ದೇ ಇರುತ್ತದೆ. ಹುಣಸೆಬೀಜದಷ್ಟು ಯಂತ್ರದಲ್ಲಿ ಎರಡು ಸಾವಿರದ ನಾನೂರು ಗುಳಿಗಿಂತ ಹೆಚ್ಚಿಗೆ ಜಾಗವಿಲ್ಲ. ದಿನಕ್ಕೆ ಮೂವತ್ತರಂತೆ ಏರಿದರೆ ಗುರುವಾರದ ಹೊತ್ತಿಗೆ ಅದು ತುಂಬಿ, ನಿಂತು, ಎಲ್ಲವನ್ನೂ ಕಳೆದುಕೊಂಡು, ಸೊನ್ನೆಯಿಂದ ಶುರುವಾಗುತ್ತದೆ. ಅಥವಾ ನಾನೇ ಹಳೆಯ ಕೋಡನ್ನು ವಾಪಸ್ಸು ಹಾಕಬಹುದು. ಆಗ ಕೊನೆಯ ಹದಿನಾಲ್ಕು ಉಳಿಯುತ್ತವೆ: ಸೋಮವಾರ ಬಂದ ಮೇಡಮ್ಮೋರು, ತರಕಾರಿಯವಳ ಕೂಗು, ಮಧ್ಯಾಹ್ನದ ಸಾರು. ದೇವೀರಮ್ಮನ ಕೊನೆಯ ಎಂಟು ವಾರ, ಅವರು ಸತ್ತದ್ದು, ಮಗಳ ಬಸಿರು, ಎಲ್ಲವೂ ಹೋಗುತ್ತವೆ. ಹೆಂಡತಿ ಎಲ್ಲಿ ಎಂದು ಅವರು ಕೇಳುತ್ತಾರೆ, ಯಾರಾದರೂ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ.

ಮಂಗಳವಾರ ಮಧ್ಯಾಹ್ನದವರೆಗೆ ಪ್ರಯೋಗಾಲಯದಲ್ಲಿ ಕೂತು ನನ್ನ ಕೋಡನ್ನೇ ಓದಿದೆ. ಕೇಳಿ ಪಡೆ, ಹಿಂತಿರುಗಿಸು. ಕೇಳಿ ಪಡೆ, ಹಿಂತಿರುಗಿಸು. ಒಂದಕ್ಕೊಂದು ಸರಿಹೋಗಿತ್ತು, ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ತಂತಿ ಸಡಿಲವಾಗಿದೆಯೇ ಎಂದರೆ ಇಲ್ಲ. ಯಂತ್ರದ ಗಡಿಯಾರ ಕೆಟ್ಟಿದೆಯೇ ಎಂದರೆ ಅದೂ ಇಲ್ಲ.

"ದುಃಖ ಇರಬಹುದು," ಎಂದರು ಕುಶಾಲಪ್ಪ. "ಹೆಂಡ್ತಿ ಸಾವನ್ನ ಮನಸ್ಸು ಬಿಟ್ಟುಕೊಡ್ತಿಲ್ಲ."

"ಹೆಂಡತಿ ಹೋಗಿ ಮೂರು ವಾರ ಸರ್. ಸಂಖ್ಯೆ ಹನ್ನೊಂದು ವಾರದಿಂದ ಏರ್ತಿದೆ. ಮೊದಲನೇ ದಿನದಿಂದಲೇ ಇಳಿದಿಲ್ಲ."

ಅವರು ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. ನಮ್ಮಿಬ್ಬರಿಗೂ ತಲೆಬುಡ ತಿಳಿಯಲಿಲ್ಲ. ಚೆಲುವಯ್ಯನವರ ಮೆದುಳಿನಲ್ಲಿ 'ಮುಗಿಯಿತು' ಎನ್ನುವ ಆ ಅಲೆ ಏಳುತ್ತಲೇ ಇಲ್ಲ ಎಂದು ದಾಖಲೆಯಲ್ಲಿ ಮೇಲ್ನೋಟಕ್ಕೆ ಕಾಣುತ್ತಿತ್ತು. ಯಾಕೆ ಏಳುವುದಿಲ್ಲ? ಹಳೆಯ ಕೋಡಿನಲ್ಲೂ ಹೀಗೇ ಇತ್ತೋ ಏನೋ. ಅಲ್ಲಿ ಹಳೆಯದು ತಾನಾಗಿ ಆಚೆ ಬೀಳುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಹದಿನಾಲ್ಕು ಎಂದು ಬರೆದ ಪುಣ್ಯಾತ್ಮರ ಮೇಲೆ ಮೊದಲ ಸಲ ನನಗೆ ಸ್ವಲ್ಪ ಗೌರವ ಬಂತು, ಅದರ ಜೊತೆಗೆ ನನ್ನ ಮೇಲೆ ಅಸಹ್ಯವೂ ಬಂತು.

ದಾಖಲೆಯನ್ನು ಕೊನೆಯ ಸಲ ಎಂದುಕೊಂಡು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದಾಗ ಒಂದು ವಿಚಿತ್ರ ಕಂಡಿತು. ಏರುವ ಗೆರೆಯಲ್ಲಿ ದಿನಕ್ಕೆ ಎರಡು ಸಲ ಮಾತ್ರ ಒಂದೊಂದು ಮೆಟ್ಟಿಲು ಇಳಿದಿತ್ತು. ಬೆಳಿಗ್ಗೆ ಆರೂವರೆಗೆ ಒಂದು, ಸಂಜೆ ನಾಲ್ಕಕ್ಕೆ ಒಂದು. ದೇವೀರಮ್ಮ ಹೋದ ದಿನದಿಂದ ನಾಲ್ಕು ಗಂಟೆಯದು ನಿಂತುಹೋಗಿತ್ತು. ಆ ಹೊತ್ತಿಗೆ ಆ ಮನೆಯಲ್ಲಿ ಏನಾಗುತ್ತದೆ? ನನಗೆ ಹೊಳೆಯಲಿಲ್ಲ. ಹೊಳೆಯದ್ದನ್ನು ಹೋಗಿ ನೋಡುವುದೇ ಸರಿ ಎಂದು, ರೀಡರನ್ನು ಚೀಲಕ್ಕೆ ಹಾಕಿಕೊಂಡು ಆಟೋ ಹತ್ತಿದೆ.

ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಚೆಲುವಯ್ಯ ನನ್ನನ್ನು ಕೂರಿಸಿ ಕಾಫಿ ಮಾಡಿದರು. ಕಾಫಿ ಮಾಡುವ ಕೈಗೆ ಗೊಂದಲವಿರಲಿಲ್ಲ. ಡಿಕಾಕ್ಷನ್, ಹಾಲು, ಸಕ್ಕರೆ, ಎಲ್ಲ ಅವುಗಳ ಹದದಲ್ಲಿ ಬಿದ್ದವು. ಲೋಟವನ್ನು ಎಡಗೈಯಲ್ಲಿ ತಂದು, ಬಲಗೈಗೆ ಬದಲಿಸಿ, ನನ್ನ ಮುಂದೆ ಟಕ್ ಎಂದು ಇಟ್ಟು, "ಒಂದ್ ಕಾಫಿ, ಆಯ್ತು," ಎಂದರು.

ನನ್ನ ತೊಡೆಯ ಮೇಲಿದ್ದ ರೀಡರಿನಲ್ಲಿ ಸಂಖ್ಯೆ ಒಂದು ಇಳಿಯಿತು. ದಿನಕ್ಕೆ ಎರಡು ಸಲ ಅವರು ದೇವೀರಮ್ಮನ ಮುಂದೆ ಇಡುತ್ತಿದ್ದ ಕಾಫಿ ಇದೇ; ಬೆಳಗಿನದು ಈಗ ಮಗಳಿಗೆ ಹೋಗುತ್ತಿತ್ತು, ಸಂಜೆಯದು ನಿಂತಿತ್ತು.

ನಾನು ಕಾಫಿ ಕುಡಿಯುವುದನ್ನೂ ಮರೆತು ಅದನ್ನೇ ದಿಟ್ಟಿಸಿದೆ. "ಚೆಲುವಯ್ಯನೋರೆ, ಒಂದು ಖಾಲಿ ತಟ್ಟೆ ತಂದು ಅಲ್ಲಿ ಇಡಿ," ಎಂದೆ. ತಂದು ಇಟ್ಟರು. ಇಳಿಯಲಿಲ್ಲ. "ಸುಧಾ, ನೀನು ಆ ತಟ್ಟೆ ಮುಂದೆ ಕೂತ್ಕೋ. ಈಗ ಮತ್ತೆ ಎತ್ತಿ ಇಡಿ ಚೆಲುವಯ್ಯನೋರೆ, ಇಡೋವಾಗ ಏನು ಅಂತ ಹೇಳಿ."

ಅವರು ನನ್ನನ್ನು ಒಂದು ಥರ ನೋಡಿದರು. ಮೇಡಮ್ಮನಿಗೂ ತಲೆ ಕೆಟ್ಟಿತು ಎಂದುಕೊಂಡಿರಬೇಕು. ಆದರೂ ತಟ್ಟೆ ಎತ್ತಿಕೊಂಡು, ಏನೋ ಹುಡುಕುವವರಂತೆ ಸ್ವಲ್ಪ ನಿಂತು, ಮಗಳ ಮುಂದೆ ಇಟ್ಟರು. "ಗ್ಯಾಸ್‌ನವ್ನು ಬಂದಿದ್ದ. ಆಯ್ತು."

ಒಂದು ಇಳಿಯಿತು. ಚೆಲುವಯ್ಯ ಬಾಗಿಲ ಕಡೆ ನೋಡಿದರು. ಆಮೇಲೆ ಅಚ್ಚರಿಯಿಂದ, "ಹೋದ ತಿಂಗ್ಳಲ್ವಾ ಅವ್ನು ಬಂದಿದ್ದು?" ಎಂದರು.

ಸುಧಾಮಣಿ ಬಾಯಿಗೆ ಕೈ ಇಟ್ಟುಕೊಂಡಳು.

ನಮಗೆಲ್ಲ ಗಮನ ಬೇರೆ ಕಡೆ ತಿರುಗಿದರೆ ಸಾಕು, ಹಿಂದಿನದು ಮುಗಿದಂತೆಯೇ. ಸಪ್ಲೈಯರಿಗೆ ಹಾಗಲ್ಲ. ಮೂವತ್ತೈದು ವರ್ಷ, ಚೀಟಿ ಬರೆದುಕೊಳ್ಳದೆ, ಯಾವ ಟೇಬಲ್ಲಿಗೆ ಏನು ಎಂದು ತಲೆಯಲ್ಲೇ ಹೊತ್ತು ಓಡಾಡಿದ ಮನುಷ್ಯ ಅವರು. ಗಿರಾಕಿಯ ಮುಂದೆ ತಟ್ಟೆ ಕೂರುವ ತನಕ ಆರ್ಡರ್ ಮುಗಿಯುವುದಿಲ್ಲ. ಗಮನ ಹತ್ತು ಕಡೆ ತಿರುಗಬಹುದು, ಆರ್ಡರ್ ತಲೆಯಿಂದ ಇಳಿಯಕೂಡದು. ಅದು ಅವರ ಮೆದುಳಿಗೆ ಎಷ್ಟು ಬಲವಾಗಿ ಹತ್ತಿತ್ತೆಂದರೆ ಲಕ್ವಕ್ಕೂ ಅದನ್ನು ಕೀಳಲಾಗಿರಲಿಲ್ಲ. ಯಂತ್ರ ಬಂದ ಮೇಲೆ ಕಂಡದ್ದು ಕೇಳಿದ್ದೆಲ್ಲ ಅವರಿಗೆ ಆರ್ಡರ್ ಆಗಿತ್ತು. ಹಿಂತಿರುಗಿಸು ಎಂದು ನಾನು ಬರೆದದ್ದು ಸರಿಯಾಗಿಯೇ ಇತ್ತು. ಯಾರ ಕೈಗೆ ಹಿಂತಿರುಗಿಸಬೇಕು ಎಂದು ನಾನು ಯೋಚಿಸಿರಲಿಲ್ಲ.

"ಹೋಟೆಲಲ್ಲಿ ಒಂದ್ಸಲಕ್ಕೆ ಎಷ್ಟು ಟೇಬಲ್ ನೋಡ್ಕೊಳ್ತಿದ್ರಿ?" ಎಂದು ಕೇಳಿದೆ.

"ಆರು."

"ಏಳನೇದು ಬಂದ್ರೆ?"

"ಒಂದ್ ನಿಮಿಷ ಸಾಮಿ ಅಂತ ನಿಲ್ಲಿಸ್ತಿದ್ದೆ."

"ಯಾಕೆ, ತಲೇಲಿ ಹಿಡೀತಿರಲಿಲ್ವಾ?"

"ತಲೆ ಎಷ್ಟಾರ ಹಿಡೀತದೆ ಕನವ್ವ. ಕೈ ಹಿಡಿಯಾಕಿಲ್ಲ," ಎಂದರು ಚೆಲುವಯ್ಯ. ಆಮೇಲೆ ಕೋಣೆಯ ಕಡೆ ತಿರುಗಿ, "ಬಂತು ದೇವಿ, ನೀರ್ ಕಾಯ್ತಾ ಅದೆ," ಎಂದರು.

ಮಾರನೆಯ ದಿನ ಬುಧವಾರ, ಗೋವರ್ಧನ ಭವನಕ್ಕೆ ವಾರದ ರಜೆ. ಮಾಲೀಕರಾದ ಹೆಬ್ಬಾರರಿಗೆ ನಾನು ಫೋನಿನಲ್ಲಿ ವಿಷಯ ಹೇಳಿದಾಗ ಅವರಿಗೆ ಅರ್ಧವೂ ಅರ್ಥವಾಗಲಿಲ್ಲ. "ಚೆಲುವಯ್ಯ ಬರ್ತಾನಾ? ಹಾಗಾದ್ರೆ ಬಾಗಿಲು ತೆಗೀತೇನೆ, ಮತ್ತೆಂತ?" ಎಂದರು. ಬೆಳಿಗ್ಗೆ ಏಳಕ್ಕೆ ನಾವು ಅಲ್ಲಿದ್ದೆವು. ಖಾಲಿ ಹೋಟೆಲು, ಕುರ್ಚಿಗಳನ್ನು ಇಳಿಸಿದ ಆರು ಟೇಬಲ್ಲು, ತೊಳೆದು ಪೇರಿಸಿದ ಸ್ಟೀಲ್ ತಟ್ಟೆಗಳು. ಸುಧಾಮಣಿ, ನಾನು, ಕುಶಾಲಪ್ಪ, ಹೆಬ್ಬಾರರು, ನಾಲ್ಕು ಜನ ಗಿರಾಕಿಗಳಾಗಿ ಕೂತೆವು. ಅಷ್ಟು ದೊಡ್ಡ ಡಾಕ್ಟರು ಖಾಲಿ ಟೇಬಲ್ಲಿನ ಮುಂದೆ ಕೈಕಟ್ಟಿ ಕಾಯುವುದನ್ನು ನೋಡಿ ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ಚೆಲುವಯ್ಯ ಅಡುಗೆಮನೆಯ ಕಟ್ಟೆಯ ಹತ್ತಿರ ನಿಂತು ಆರು ಟೇಬಲ್ಲುಗಳನ್ನೂ ಒಂದು ಸಲ ನೋಡಿದರು. ಎಡಗೈಯ ಮೇಲೆ ನಾಲ್ಕು ತಟ್ಟೆಗಳನ್ನು ಸಾಲಾಗಿ ಜೋಡಿಸಿಕೊಂಡರು, ಮಣಿಕಟ್ಟಿನಿಂದ ಮೊಣಕೈವರೆಗೆ.

"ಟೇಬಲ್ ಒಂದು, ಸುಧಾಮಣಿ ಫೋನು ಬಂದಿತ್ತು, ಡಾಕ್ಟ್ರು ಎಲ್ಲ ಚೆನ್ನಾಗದೆ ಅಂದ್ರಂತೆ. ಆಯ್ತು. ಟೇಬಲ್ ಎರಡು, ಪಕ್ಕದ್ಮನೆ ಬೆಕ್ಕು ಹಾಲು ಚೆಲ್ತು. ಆಯ್ತು. ಟೇಬಲ್ ಮೂರು, ಕರೆಂಟು ಹೋಯ್ತು. ಆಯ್ತು."

ಮೂರು ಇಳಿದರೆ ಒಂದು ಏರುತ್ತಿತ್ತು, ಏಕೆಂದರೆ ಹೀಗೆ ಬಡಿಸುವುದೂ ಒಂದು ಸಂಗತಿಯೇ. ಆದರೂ ಸಂಖ್ಯೆ ಇಳಿಯುತ್ತಲೇ ಹೋಯಿತು. ಎಂಟು ಗಂಟೆಯ ಹೊತ್ತಿಗೆ ಅವರಿಗೆ ಹಳೆಯ ವೇಗ ಬಂದಿತ್ತು. ನಮ್ಮ ಮುಂದೆ ಬಂದ ತಟ್ಟೆಗಳನ್ನು ನಾವು ಪೇರಿಸಿ ಕಟ್ಟೆಗೆ ವಾಪಸ್ಸು ಕೊಡಬೇಕಿತ್ತು. ಕುಶಾಲಪ್ಪ ನಿಧಾನ ಮಾಡಿದಾಗ, "ಬೇಗ ಸಾ, ಗಿರಾಕಿ ಕಾಯ್ತಾವ್ರೆ," ಎಂದು ಬೈಸಿಕೊಂಡರು. ಹತ್ತಕ್ಕೆ ಸಾವಿರದ ಒಂಬೈನೂರು. ಮಧ್ಯಾಹ್ನ ಎರಡಕ್ಕೆ ಒಂಬೈನೂರು. ಹೆಬ್ಬಾರರು ನಡುವೆ ಎದ್ದು ಎಲ್ಲರಿಗೂ ಉಪ್ಪಿಟ್ಟು ಮಾಡಿಕೊಟ್ಟರು. ಚೆಲುವಯ್ಯ ನಿಂತುಕೊಂಡೇ ತಿಂದರು.

ಯಾವುದು ಯಾರ ಪಾಲಿಗೆ ಎಂದು ಅವರು ಹೇಗೆ ಆರಿಸುತ್ತಿದ್ದರೋ ನನಗೆ ಇವತ್ತಿಗೂ ತಿಳಿಯದು. ದೇವೀರಮ್ಮನ ಮಾತುಗಳೆಲ್ಲ ಮಗಳ ಮುಂದೆಯೇ ಬರುತ್ತಿದ್ದವು. "ದೇವಿ ಅಂದ್ಲು, ಗುಂಡಿ ಕಿತ್ತೋಗದೆ, ಅಂಗಿ ಬಿಚ್ಕೊಡಿ ಅಂತ. ಆಯ್ತು. ದೇವಿ ಅಂದ್ಲು, ಹುಡ್ಗಿ ಹುಟ್ಟಿದ್ರೆ ನಮ್ಮವ್ವನ್ ಹೆಸ್ರಿಡ್ಬೇಕು ಅಂತ. ಆಯ್ತು." ಸುಧಾಮಣಿ ಒಂದೊಂದು ತಟ್ಟೆಯನ್ನೂ ಎರಡು ಕೈಯಲ್ಲಿ ತೆಗೆದುಕೊಂಡಳು. ನನ್ನ ಟೇಬಲ್ಲಿಗೆ ಒಂದು ತಟ್ಟೆ ಬಂತು. "ಮೇಡಮ್ಮೋರು ಅಂದ್ರು, ಇನ್ಮೇಲೆ ನೀವು ಏನೂ ಮರೆಯಾಕಿಲ್ಲ ಅಂತ. ಆಯ್ತು." ನನ್ನ ದೊಡ್ಡ ಮಾತು, ಖಾಲಿ ತಟ್ಟೆಯಲ್ಲಿ. ತಲೆ ಎತ್ತಿ ಅವರನ್ನು ನೋಡಲು ನನಗಾಗಲಿಲ್ಲ.

ನಾಲ್ಕೂವರೆಯ ಹೊತ್ತಿಗೆ ಅವರು ಒಂದೇ ಒಂದು ತಟ್ಟೆ ಹಿಡಿದುಕೊಂಡು ಬಂದರು. ನಿಧಾನವಾಗಿ ನಡೆದು ಬಂದು, ಸದ್ದಾಗದ ಹಾಗೆ ಸುಧಾಮಣಿಯ ಮುಂದೆ ಇಟ್ಟರು.

"ನಿಮ್ಮವ್ವ ಹೋದ್ಲು ಮಗ. ಆಯ್ತು."

ಅವಳು ಅತ್ತಳು. ಹೆಬ್ಬಾರರು ಮುಖ ತಿರುಗಿಸಿಕೊಂಡರು. ಚೆಲುವಯ್ಯ ಮಗಳ ತಲೆಯ ಮೇಲೆ ಕೈ ಇಟ್ಟು ನಿಂತಿದ್ದರು. ಮೂರು ವಾರದಲ್ಲಿ ಮೊದಲ ಸಲ ಅವರು ಕೋಣೆಯ ಕಡೆಗೆ, ಬಾಗಿಲ ಕಡೆಗೆ, ಯಾವ ಕಡೆಗೂ ಕೂಗಲಿಲ್ಲ. ನಾನು ರೀಡರ್ ನೋಡಿದೆ.

ಒಂದು.

"ಇನ್ನೊಂದಿದೆ," ಎಂದೆ.

ಅವರಿಗೆ ಅದು ನನಗಿಂತ ಮೊದಲೇ ಗೊತ್ತಿತ್ತು. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದರು. ಒಂದು ಲೋಟ ಬಿಸಿನೀರು ಹಿಡಿದುಕೊಂಡು ಹೊರಗೆ ಬಂದು, ಆರು ಟೇಬಲ್ಲುಗಳನ್ನೂ ಒಂದೊಂದಾಗಿ ನೋಡಿದರು. ನಾವು ನಾಲ್ಕು ಜನ ಕೂತಿದ್ದೆವು. ಎರಡು ಖಾಲಿ ಇದ್ದವು. ಅವರು ನಡುವೆ ನಿಂತೇ ಇದ್ದರು. ಲೋಟದ ಮೇಲೆ ಆಡುತ್ತಿದ್ದ ಹಬೆ ತೆಳ್ಳಗಾಗುತ್ತಾ ಹೋಯಿತು.

ಸುಧಾಮಣಿ ಕಣ್ಣೊರೆಸಿಕೊಂಡು ಎದ್ದು, ಮೂಲೆಯ ಖಾಲಿ ಟೇಬಲ್ಲಿಗೆ ಹೋಗಿ ಕೂತಳು. "ಅಪ್ಪ, ಇಲ್ಲಿ ಕೊಡು. ನಾನ್ ಕುಡೀತೀನಿ."

"ಇದು ನಿಂದಲ್ಲ ಮಗ."

"ಅವ್ವ ಇಲ್ಲ ಅಲ್ವಾ ಅಪ್ಪ."

"ಗೊತ್ತು ಕನ್ ಮಗ. ನಾನೇ ತಾನೇ ಈಗ ನಿನ್ ಮುಂದೆ ಇಟ್ಟಿದ್ದು," ಎಂದರು ಚೆಲುವಯ್ಯ. ಆ ದನಿಯಲ್ಲಿ ಗೊಂದಲವೇ ಇರಲಿಲ್ಲ. ಅವರು ಲೋಟಕ್ಕೆ ಬೆರಳು ತಾಗಿಸಿ ನೋಡಿದರು. "ಆರೋಯ್ತು. ಆರಿದ್ದ ಕೊಡಾಕಾಯ್ತದಾ? ಇನ್ನೊಂದು ಕಾಯಿಸ್ಕೊಂಡ್ ಬತ್ತೀನಿ," ಎಂದು ಒಳಗೆ ಹೋದರು.

ಕುಶಾಲಪ್ಪ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು. "ಒಂದೇ ತಾನೆ ಉಳಿದಿರೋದು. ನೀವೇ ಇಲ್ಲಿಂದ ಖಾಲಿ ಮಾಡಿಬಿಡಿ. ಅವರಿಗೂ ನೆಮ್ಮದಿ."

ಮಾಡಬಹುದಿತ್ತು. ಲ್ಯಾಪ್‌ಟಾಪಿನಲ್ಲಿ ಒಂದು ಸಾಲು ಬರೆದರೆ ಸಾಕಿತ್ತು. ನಮ್ಮ ಕಸುಬಿನಲ್ಲಿ ಕೇಳಿ ಪಡೆದ ಗುಳಿಯನ್ನು ಹಿಂತಿರುಗಿಸದೆ ಉಳಿಸಿಕೊಳ್ಳುವುದಕ್ಕೆ ಸೋರಿಕೆ ಎನ್ನುತ್ತಾರೆ. ಅದನ್ನು ಹುಡುಕಿ ಮುಚ್ಚುವುದಕ್ಕೇ ನನಗೆ ಸಂಬಳ. ಬೆರಳನ್ನು ಕೀಲಿಮಣೆಯ ಮೇಲಿಟ್ಟು ಕೂತೆ. ಒಳಗಿನಿಂದ ನೀರು ಸಣ್ಣಗೆ ಸದ್ದು ಮಾಡುವುದು ಕೇಳಿಸುತ್ತಿತ್ತು. ನಾನು ಖಾಲಿ ಮಾಡಿದರೆ ಅವರು ಒಲೆಯ ಮುಂದೆ, ಕೈಯಲ್ಲಿ ಲೋಟ ಹಿಡಿದು, ಇದು ಯಾರಿಗೆ ಎಂದು ತಿಳಿಯದೆ ನಿಂತಿರುತ್ತಾರೆ. ಆ ಚಿತ್ರ ಕಣ್ಣಿಗೆ ಬಂದದ್ದೇ ನನ್ನ ಕೈ ಹಿಂದಕ್ಕೆ ಬಂತು.

"ಇಲ್ಲ ಸರ್," ಎಂದೆ. "ಇದು ಮುಗಿದಿಲ್ಲ."

ಅಲ್ಲೇ ಕೂತು ಹಳೆಯ ಕೋಡನ್ನು ತೆರೆದೆ. ಹದಿನಾಲ್ಕು ಗುಳಿ, ಮೊದಲು ಬರೆದವರು ಇಟ್ಟ ಹಾಗೆಯೇ. ತುಂಬಿದರೆ ಹಳೆಯದು ಆಚೆ ಬೀಳಲಿ, ಬಿದ್ದದ್ದು ಬೀಳಲಿ. ಮುಖ್ಯವಾದದ್ದನ್ನು ಮಗಳ ಮುಂದೆ ತಟ್ಟೆಯಲ್ಲಿಟ್ಟು ಉಳಿಸಿಕೊಳ್ಳುವ ದಾರಿ ಅವರಿಗೀಗ ಗೊತ್ತಿದೆ. 14 ಎಂಬುದನ್ನು ಅಳಿಸಿ 15 ಎಂದು ಬರೆದೆ. ಹದಿನೈದನೆಯ ಗುಳಿಯನ್ನು ಯಂತ್ರ ಮುಟ್ಟಕೂಡದು, ತುಂಬಿದರೂ ತಳ್ಳಕೂಡದು, ಯಾರೂ ಕೇಳಿ ಪಡೆಯಕೂಡದು ಎಂದು ಬರೆದು, ಆ ಒಂದು ಸಂಗತಿಯನ್ನು ಅದರಲ್ಲಿಟ್ಟೆ. ಯಾಕೆ ಹದಿನೈದು ಎಂದು ಮುಂದೆ ಯಾರಾದರೂ ತಲೆ ಕೆರೆದುಕೊಳ್ಳಬಾರದೆಂದು ಪಕ್ಕದಲ್ಲಿ ಒಂದು ಸಾಲು ಸೇರಿಸಿದೆ: ದೇವೀರಮ್ಮನವರಿಗೆ ಒಂದು ಲೋಟ ಬಿಸಿನೀರು ಕೊಡುವುದಿದೆ.

ಚೆಲುವಯ್ಯ ಈಗ ಗೋವರ್ಧನ ಭವನಕ್ಕೆ ಬೆಳಗಿನ ಹೊತ್ತು ಮಾತ್ರ ಕೆಲಸಕ್ಕೆ ಬರುತ್ತಾರೆ. ಹೋದ ಭಾನುವಾರ ನಾನು ತಿಂಡಿಗೆ ಹೋದಾಗ, "ಒಂದ್ ನಿಮಿಷ ಮೇಡಮ್ಮೋರೆ, ಆರು ಟೇಬಲ್ಲೂ ತುಂಬೋಗವೆ," ಎಂದು ನನ್ನನ್ನೂ ಕಾಯಿಸಿದರು. ಮೊಮ್ಮಗಳು ಹುಟ್ಟಿ ಹತ್ತು ದಿನವಾಗಿದೆ. ಯಾರ ಹೆಸರಿಡಬೇಕೆಂದು ಮನೆಯಲ್ಲಿ ಚರ್ಚೆಯೇ ಆಗಲಿಲ್ಲವಂತೆ. ಇದನ್ನು ನನಗೆ ದೋಸೆಯ ಜೊತೆಗೆ ಹೇಳಿ, ತಟ್ಟೆ ಇಟ್ಟು, ಆಯ್ತು ಎಂದರು.

ಅಡುಗೆಮನೆಯ ಕಟ್ಟೆಯ ಮೂಲೆಯಲ್ಲಿ ಒಂದು ಸ್ಟೀಲ್ ಲೋಟ, ಮೇಲೆ ಮುಚ್ಚಳ. ನಾನು ದೋಸೆ ತಿನ್ನುವಷ್ಟರಲ್ಲಿ ಅವರು ಒಂದು ಸಲ ಅದರಲ್ಲಿದ್ದ ನೀರನ್ನು ಚೆಲ್ಲಿ ಹೊಸದಾಗಿ ಬಿಸಿಯದನ್ನು ತುಂಬಿಸಿಟ್ಟರು. ಕಟ್ಟೆಯ ಹತ್ತಿರ ಕೈ ತೊಳೆಯಲು ಬಂದ ಯಾರೋ ಗಿರಾಕಿ, "ಏನ್ರೀ, ಆ ಬಿಸಿನೀರು ನನಗೆ ಕೊಡಿ, ಗಂಟಲು ಕಟ್ಟಿದೆ," ಎಂದು ಕೈ ಚಾಚಿದ.

"ನಿಮ್ಗೆ ಬೇರೆ ತತ್ತೀನಿ ಸಾ," ಎಂದರು ಚೆಲುವಯ್ಯ. "ಇದ್ಕೆ ಆರ್ಡರ್ ಅದೆ."